ಗಾಯದ ವಯಸ್ಸು

ಪೆರಂಬೂರು, ಚೆನ್ನೈ
೧೨ ಜನವರಿ ೨೦೨೪

ಮಗಳೇ ಅಶ್ವಿತಾ,

ಮೊನ್ನೆ ಫೋನಿನಲ್ಲಿ ಎರಡು ಮಾತಾಡುವಷ್ಟರಲ್ಲಿ ನಿನ್ನ ಬೆಟ್ಟದ ಸಿಗ್ನಲ್ ಹೋಯಿತು. ನಿನ್ನ ಹಲೋ ಹಲೋ ನನಗೆ ಕೇಳುತ್ತಿತ್ತು, ನನ್ನ ಮಾತು ನಿನಗೆ ಮುಟ್ಟುತ್ತಿರಲಿಲ್ಲ. ಅದಕ್ಕೇ ಈ ಕಾಗದ. ನನಗೆ ಇದೇ ಅಭ್ಯಾಸ. ನಿನ್ನ ಅಪ್ಪಯ್ಯನಿಗೆ ಮೂವತ್ತು ವರ್ಷ ಸೇನಾ ಅಂಚೆಗೆ ಬರೆದೆ. ಈಗ ಮಗಳಿಗೂ ಊರಿನ ಹೆಸರಿಲ್ಲದ, ನಂಬರು ಮಾತ್ರ ಇರುವ ವಿಳಾಸಕ್ಕೇ ಬರೆಯುತ್ತಿದ್ದೇನೆ. ಅವರು ಸೇನೆಯಲ್ಲಿ ಕೊಯ್ದು ಹೊಲಿದರು. ನೀನು ಅದೇ ಸೇನೆಯಲ್ಲಿ ಕೊಯ್ಯುವ ಮೊದಲು ಜನರನ್ನು ನಿದ್ದೆಗೆ ಹಾಕುತ್ತೀಯ. ನನ್ನ ಮನೆಯವರಿಗೆಲ್ಲ ಮಾತಾಡದ ರೋಗಿಗಳೇ ಇಷ್ಟ.

ಇಲ್ಲಿ ಪೊಂಗಲ್ ಹತ್ತಿರ ಬಂತು. ಮಂಜುನಾಥ ಚಿಕ್ಕಪ್ಪ ಹೋಟೆಲಿಗೆ ಸುಣ್ಣ ಹೊಡೆಸುತ್ತಿದ್ದಾನೆ. ರೈಲ್ವೆ ವರ್ಕ್‌ಶಾಪಿನವರು ಟಿಫಿನ್ನಿಗೆ ಬಂದಾಗ ಅಂಗಿಗೆಲ್ಲ ಬಿಳಿ ಮೆತ್ತಿಕೊಂಡು ಹೋಗುತ್ತಾರೆ. ತುಂಗಾ ಚಿಕ್ಕಮ್ಮ ದಿನಕ್ಕೆರಡು ಸಲ ಮಹಡಿ ಹತ್ತಿ ಬಂದು ನನ್ನನ್ನು ನೋಡಿಕೊಂಡು ಹೋಗುತ್ತಾಳೆ.

ಹೊಸ ಸುದ್ದಿ ಎಂದರೆ ನಮ್ಮ ಕರ್ನಲ್ ಸಾಹೇಬರು, ನಿನ್ನ ಅಪ್ಪಯ್ಯ, ಟ್ರಸ್ಟ್ ಆಸ್ಪತ್ರೆಯ ಕೆಲಸ ಬಿಟ್ಟರು. ಎಪ್ಪತ್ತೆರಡು ಆಯಿತು, ಸಾಕು ಎಂದರು. ಈಗ ಅಡುಗೆ ಕಲಿಯುತ್ತಿದ್ದಾರೆ. ಸಾರಿಗೆ ಹುಣಿಸೆಹುಳಿ ಹಾಕುವಾಗ ಲೋಟ ಕಣ್ಣಿನ ಮಟ್ಟಕ್ಕೆ ಹಿಡಿದು ನೋಡುತ್ತಾರೆ. ಹೋಟೆಲ್ ಕಿಟ್ಟಣ್ಣನವರ ಹಿರಿಮಗನಿಗೆ ಬೇಳೆ ಬೆಂದದ್ದು ಗೊತ್ತಾಗುವುದಿಲ್ಲ ಎಂದರೆ ನಿನ್ನ ಅಜ್ಜ ಮೇಲಿಂದ ನಗುತ್ತಿರಬೇಕು. ನಿನ್ನೆ ನನ್ನ ಜಡೆಯನ್ನೂ ಅವರೇ ಹೆಣೆದರು. ಹೊಲಿಗೆ ಹಾಕಿದ ಹಾಗೆ ಬಿಗಿಯಾಗಿತ್ತು. ಸಡಿಲ ಮಾಡಿ ಎನ್ನಲು ಮನಸ್ಸು ಬರಲಿಲ್ಲ.

ಫೆಬ್ರವರಿಯಲ್ಲಿ ರಜೆ ಹಾಕಬೇಡ. ಚಳಿಯಲ್ಲಿ ಅಷ್ಟು ದೂರದಿಂದ ಬಂದು ನಾಲ್ಕು ದಿನ ಇದ್ದು ಹೋಗುವುದು ಯಾರಿಗೆ ಸುಖ? ಮೇ ತಿಂಗಳಲ್ಲಿ ಬಾ, ಮಾವಿನಹಣ್ಣು ಇರುತ್ತದೆ.

ಕೈ ಸೋತಿತು, ಇಲ್ಲಿಗೆ ನಿಲ್ಲಿಸುತ್ತೇನೆ.

ಅಮ್ಮ


ಸೇನಾ ಅಂಚೆ, ಅರುಣಾಚಲ ಗಡಿ
೪ ಫೆಬ್ರವರಿ ೨೦೨೪

ಅಮ್ಮಾ,

ಅಪ್ಪಯ್ಯ ನಿನ್ನ ಜಡೆ ಹೆಣೆದರು ಎಂದು ಬರೆದಿದ್ದನ್ನು ಮೂರು ಸಲ ಓದಿದೆ. ಮೊದಲ ಸಲ ನಗು ಬಂತು. ಮೂರನೆಯ ಸಲ ಬರಲಿಲ್ಲ. ನಿನ್ನ ಕೈಗೆ ಏನಾಗಿದೆ? ಅಕ್ಷರವೂ ಓರೆಯಾಗಿದೆ. ಮೂರನೇ ಕ್ಲಾಸಿನಲ್ಲಿ ನನ್ನ ಕನ್ನಡ ಕಾಪಿ ಪುಸ್ತಕಕ್ಕೆ ಕೆಂಪು ಗೆರೆ ಎಳೆಯುತ್ತಿದ್ದವಳು ನೀನು.

ಇಲ್ಲಿ ನಾವು ಇಬ್ಬರೇ ಅರಿವಳಿಕೆಯವರು, ಇನ್ನೊಬ್ಬರು ರಜೆಯಲ್ಲಿದ್ದಾರೆ. ಹೋದ ವಾರ ಹಿಮ ಕುಸಿದು ನಾಲ್ವರು ಹುಡುಗರನ್ನು ತಂದರು. ಮೂವರು ಉಳಿದರು. ಹಾಗಾಗಿ ಮೇ ಎಂದು ನೀನೇ ಹೇಳಿದ್ದು ನನಗೆ ಅನುಕೂಲವೇ ಆಯಿತು. ನಿಜ ಹೇಳಬೇಕೆಂದರೆ, ನೀನು ಬಾ ಎಂದಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ.

ಕೈ ನೋವಿದ್ದರೆ ಅಪ್ಪಯ್ಯನಿಗೆ ತೋರಿಸು. ಮನೆಯಲ್ಲೇ ಸರ್ಜನ್ ಇಟ್ಟುಕೊಂಡು ಸುಮ್ಮನಿರಬೇಡ.

ನಿನ್ನ
ಅಶ್ವಿತಾ


ಪೆರಂಬೂರು
೨೪ ಫೆಬ್ರವರಿ ೨೦೨೪

ಅಶ್ವಿತಾ,

ನಿನಗೆ ಕಾಗದ ಬರೆಯುವುದು ಯಾವಾಗಲೂ ನಿನ್ನ ಅಮ್ಮನ ಕೆಲಸವಾಗಿತ್ತು. ನಾನು ಕೊನೆಯಲ್ಲಿ ಎರಡು ಸಾಲು ಸೇರಿಸುತ್ತಿದ್ದೆ. ಈ ಸಲ ಅವಳು ದಣಿದಿದ್ದಾಳೆ, ಆದ್ದರಿಂದ ನಾನು.

ಅವಳ ಆರೋಗ್ಯ ಸಾಧಾರಣ. ಊಟ ಸ್ವಲ್ಪ ಕಡಿಮೆ. ಸಂಜೆ ಬಾಲ್ಕನಿಯಲ್ಲಿ ಕೂರುತ್ತಾಳೆ. ವರ್ಕ್‌ಶಾಪಿನ ಸೈರನ್ ಆದ ಮೇಲೆ ಸೈಕಲ್ಲುಗಳು ಹೊರಬರುವುದನ್ನು ನೋಡುವುದು ಅವಳಿಗೆ ಇಷ್ಟ.

ನಿನಗೆ ಸಾಧ್ಯವಾದರೆ ಮಾರ್ಚ್ ಮೊದಲ ವಾರದಲ್ಲಿ ಬಂದು ಹೋಗು. ತುರ್ತಿಲ್ಲ.

ಅಪ್ಪಯ್ಯ


ಸೇನಾ ಅಂಚೆ, ಅರುಣಾಚಲ ಗಡಿ
೨ ಏಪ್ರಿಲ್ ೨೦೨೪

ಅಪ್ಪಯ್ಯ,

ನಿಮ್ಮ ಕಾಗದ ನನ್ನ ಕೈಗೆ ಸಿಕ್ಕಿದ್ದು ಮಾರ್ಚ್ ಇಪ್ಪತ್ತೇಳಕ್ಕೆ. ಅಮ್ಮನ ಹದಿಮೂರನೆಯ ದಿನ ಮುಗಿಸಿ ನಾನು ಇಲ್ಲಿಗೆ ವಾಪಸು ಬಂದಾಗ ಮೇಜಿನ ಮೇಲೆ ಇತ್ತು. ರಸ್ತೆ ಮುಚ್ಚಿದ್ದರಿಂದ ಟಪಾಲು ಕೆಳಗೇ ನಿಂತಿತ್ತಂತೆ. "ತುರ್ತಿಲ್ಲ" ಎಂದು ಬರೆದಿದ್ದೀರಿ.

ಮಾರ್ಚ್ ಒಂಬತ್ತರ ಬೆಳಿಗ್ಗೆ ಚಿಕ್ಕಪ್ಪ ಫೋನ್ ಮಾಡಿದಾಗ ನಾನು ಆಪರೇಷನ್ ಥಿಯೇಟರಿನಲ್ಲಿದ್ದೆ. ಹೊರಬಂದಾಗ ಮಧ್ಯಾಹ್ನ. ಹಿಮದಲ್ಲಿ ಇಳಿದು, ಗುವಾಹಟಿ ತಲುಪಿ, ಮನೆಗೆ ಬಂದದ್ದು ಹನ್ನೆರಡನೇ ತಾರೀಕಿಗೆ. ನೀವು ಒಂಬತ್ತರ ಸಂಜೆಯೇ ಎಲ್ಲ ಮುಗಿಸಿದ್ದಿರಿ. ಅಮ್ಮನ ಮುಖವನ್ನು ನಾನು ನೋಡಲಿಲ್ಲ. "ಫ್ರೀಜರ್ ಪೆಟ್ಟಿ ತರಿಸ್ತೇನೆ ಅಣ್ಣ, ಮಗು ಬರ್ಲಿ, ಅಂದೆ. ಬೇಡ ಅಂದ್ರು. ಎರಡನೇ ಸಲ ಕೇಳ್ಲಿಕ್ಕೆ ನನಗೆ ಧೈರ್ಯ ಬರ್ಲಿಲ್ಲ" ಎಂದು ಚಿಕ್ಕಪ್ಪ ಹೇಳಿದರು. ಮೂರು ದಿನ ಕಾಯಲು ನಿಮಗೆ ಏನು ಕಷ್ಟವಿತ್ತು?

ಹದಿಮೂರನೆಯ ದಿನದವರೆಗೂ ನಾನು ಜನರ ಮುಂದೆ ಏನೂ ಕೇಳಲಿಲ್ಲ. ಹೊರಡುವ ಹಿಂದಿನ ದಿನ ಅಮ್ಮನ ಕಪಾಟಿನಲ್ಲಿ ಸೀರೆಗಳ ಕೆಳಗೆ ಒಂದು ಫೈಲ್ ಸಿಕ್ಕಿತು. ಕ್ಯಾನ್ಸರ್ ಶ್ವಾಸಕೋಶಕ್ಕೂ ಬೆನ್ನುಮೂಳೆಗೂ ಹರಡಿದೆ ಎನ್ನುವ ಸ್ಕ್ಯಾನ್. ಚಿಕಿತ್ಸೆ ಬೇಡ ಎಂದು ಅಮ್ಮ ಸಹಿ ಮಾಡಿದ ಹಾಳೆ. ಸಾಕ್ಷಿಯ ಜಾಗದಲ್ಲಿ ನಿಮ್ಮ ಸಹಿ, ಪದವಿಯ ಸಮೇತ. ನವೆಂಬರ್ ಹದಿನೇಳು.

ನವೆಂಬರಿನಿಂದ ಮಾರ್ಚ್‌ವರೆಗೆ ನಿಮಗೆ ಗೊತ್ತಿತ್ತು. ನಾನು ಅವಳ ಮಗಳು. ಡಾಕ್ಟರ್ ಕೂಡ. ನೋವು ತಡೆಯುವುದೇ ನನ್ನ ಉದ್ಯೋಗ. ಗುರುತಿಲ್ಲದ ಹುಡುಗರ ನೋವನ್ನು ದಿನವೂ ಇಳಿಸುತ್ತೇನೆ. ನನ್ನ ಅಮ್ಮನ ಬೆನ್ನುಮೂಳೆ ಒಳಗಿಂದ ಸವೆಯುತ್ತಿದ್ದಾಗ ನಾನು ಅವಳಿಗೆ ಬರೆದದ್ದು "ಅಪ್ಪಯ್ಯನಿಗೆ ತೋರಿಸು" ಎಂದು.

ನೀವು ಅವಳನ್ನು ಸಾಯಲು ಬಿಟ್ಟಿರಿ. ಬೇರೆ ಪದ ನನಗೆ ಸಿಗುತ್ತಿಲ್ಲ.

ಅಶ್ವಿತಾ


ಪೆರಂಬೂರು
೨೧ ಏಪ್ರಿಲ್ ೨೦೨೪

ಅಶ್ವಿತಾ,

ನಿನ್ನ ಕಾಗದ ಸಿಕ್ಕಿ ಎಂಟು ದಿನವಾಯಿತು. ನೀನು ಕೇಳಿದ್ದು ನ್ಯಾಯ. ನನಗೆ ತಿಳಿದ ಕ್ರಮದಲ್ಲಿ ಹೇಳುತ್ತೇನೆ.

ನಿನ್ನ ಅಮ್ಮನನ್ನು ನಾನು ಮದುವೆಯಾದದ್ದು ೧೯೭೯ರ ಮೇನಲ್ಲಿ, ಬ್ರಹ್ಮಾವರದಲ್ಲಿ. ಅವಳಿಗೆ ಇಪ್ಪತ್ತೆರಡು. ಪೆರಂಬೂರಿನ ಹೋಟೆಲಿನ ಹುಡುಗ ಎಂದು ಅವಳ ಮನೆಯವರು ಒಪ್ಪಿದ್ದರು, ಗಲ್ಲಾದ ಮೇಲೆ ಕೂರುತ್ತಾನೆ ಎಂದುಕೊಂಡು. ನಾನು ಆಗಲೇ ಸೇನೆ ಸೇರಿದ ಡಾಕ್ಟರ್. ಅಪ್ಪ ಕಿಟ್ಟಣ್ಣ ನನ್ನ ಜತೆ ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು. ಮದುವೆ ಮಾಡಿಸಿದರೆ ಮಗ ಊರಿಗೆ ಬರುತ್ತಾನೆ ಎನ್ನುವುದು ಅವರ ಲೆಕ್ಕ. ನಾನು ಹೆಂಡತಿಯನ್ನು ಕರೆದುಕೊಂಡು ಝಾನ್ಸಿಗೆ ಹೋದೆ.

ಅಲ್ಲಿ ನಮಗೆ ಕೊಟ್ಟ ಮನೆಯಲ್ಲಿ ಒಂದು ಮಂಚ, ಒಂದು ಕಬ್ಬಿಣದ ಮೇಜು. ಮೂರನೆಯ ವಾರ ನನ್ನನ್ನು ಗಡಿಗೆ ಕಳಿಸಿದರು. ಹಿಂದಿ ಬಾರದ ಹುಡುಗಿ ಎರಡು ತಿಂಗಳು ಒಬ್ಬಳೇ ಇದ್ದಳು. ನಾನು ಬಂದಾಗ ಪಕ್ಕದ ಮನೆಯ ಸಿಖ್ ಹೆಂಗಸಿಗೆ ಸೇವಿಗೆ ಒತ್ತಲು ಕಲಿಸುತ್ತಿದ್ದಳು. ಒಂದು ದೂರೂ ಹೇಳಲಿಲ್ಲ. ಆಮೇಲೆ ದಿಮಾಪುರ, ಜೋಧ್‌ಪುರ, ಪಠಾಣ್‌ಕೋಟ್. ಹನ್ನೊಂದು ಮನೆ. ಪ್ರತಿ ಮನೆಯಲ್ಲೂ ಮೊದಲ ದಿನ ಒಲೆ ಎಲ್ಲಿ ಎಂದು ನೋಡುತ್ತಿದ್ದಳು, ಎರಡನೆಯ ದಿನ ಪೋಸ್ಟಾಫೀಸು ಎಲ್ಲಿ ಎಂದು ಕೇಳುತ್ತಿದ್ದಳು.

ನಿನಗೆ ಹೇಳದೆ ಇದ್ದ ಒಂದು ವಿಷಯ ಇದೆ. ೧೯೮೮ರಲ್ಲಿ ನಮ್ಮ ಸೇನೆ ಶ್ರೀಲಂಕಾದಲ್ಲಿದ್ದಾಗ ನಾನು ಅಲ್ಲಿಯ ಫೀಲ್ಡ್ ಆಸ್ಪತ್ರೆಯಲ್ಲಿದ್ದೆ. ನೀನೂ ಅಮ್ಮನೂ ಇದೇ ಪೆರಂಬೂರಿನಲ್ಲಿ ಅಜ್ಜಿಯ ಜತೆ. ನಿನಗೆ ಐದು ವರ್ಷ. ನಾನು ಕಾಲು ಕತ್ತರಿಸಿ ಕಟ್ಟಿ ಕಳಿಸಿದ ಹುಡುಗರನ್ನು ವಿಮಾನದಲ್ಲಿ ಮದ್ರಾಸಿಗೆ ತರುತ್ತಿದ್ದರು. ನನ್ನ ಬ್ಯಾಂಡೇಜುಗಳು ಅವಳಿದ್ದ ಊರಿಗೆ ಬರುತ್ತಿದ್ದವು, ನಾನು ಬರುತ್ತಿರಲಿಲ್ಲ. ಆ ಹದಿಮೂರು ತಿಂಗಳು ಅವಳ ಕಾಗದ ವಾರಕ್ಕೆರಡು. ಹೋಟೆಲಿಗೆ ಹೊಸ ರುಬ್ಬುವ ಯಂತ್ರ ಬಂತು, ನಿನ್ನ ಹಲ್ಲು ಬಿತ್ತು, ಇಂಥವೇ. ನಾನು ವಾಪಸು ಬಂದು ಒಂದು ವಾರವಾದ ಮೇಲೆ ನನ್ನ ತಾಯಿ ಬಾಯಿತಪ್ಪಿ ಹೇಳಿದರು. ನಾನು ಹೋಗುವಾಗ ಅವಳು ಬಸುರಿಯಾಗಿದ್ದಳು. ಏಳನೇ ತಿಂಗಳಲ್ಲಿ ಮಗು ಹೋಯಿತು. ಗಂಡು. ಬಸುರಿ ಎಂದೂ ನನಗೆ ಬರೆದಿರಲಿಲ್ಲ, ಹೋಯಿತು ಎಂದೂ ಬರೆದಿರಲಿಲ್ಲ.

ಯಾಕೆ ಎಂದು ಕೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. "ಅಲ್ಲಿ ನಿಮ್ಮ ಕೈ ನಡುಗಬಾರದಿತ್ತು, ಅಷ್ಟೇ" ಎಂದಳು.

ಅಂಥ ಹೆಂಗಸು. ಆ ಮಾತನ್ನು ನಾನು ಎಷ್ಟೋ ಅಧಿಕಾರಿಗಳಿಗೆ, ಅವರ ಹೆಂಡಿರಿಗೆ ಹೇಳಿದ್ದೇನೆ.

ಈಗ ಕಾಯಿಲೆಯ ವಿಷಯ. ನವೆಂಬರಿನಲ್ಲಿ ಬೆನ್ನುನೋವು ಎಂದಳು. ಪರೀಕ್ಷೆ ಮಾಡಿಸಿದೆ. ಎದೆಯ ಗಡ್ಡೆ ಬಹಳ ಸಣ್ಣದು, ಒಳಗೆ ಹರಡಿದ್ದು ಹೆಚ್ಚು. ಹೊರಗೆ ಯಾರಿಗೂ ತಿಳಿಯುವಂತಿರಲಿಲ್ಲ. ಔಷಧಿ ಕೊಟ್ಟರೆ ಆರು ತಿಂಗಳು ಹೆಚ್ಚು, ಅದರಲ್ಲಿ ನಾಲ್ಕು ಆಸ್ಪತ್ರೆಯಲ್ಲಿ. ಅವಳು ಬೇಡ ಎಂದಳು. "ನನಗೆ ಆಸ್ಪತ್ರೆ ಬೇಡ. ನೀವು ಮನೆಯಲ್ಲಿ ಇರಿ. ಎಲ್ಲಿಗೂ ಹೋಗ್ಬೇಡಿ." ನಿನಗೆ ತಿಳಿಸೋಣ ಎಂದೆ. "ಅವಳ ಕೈಯಲ್ಲೂ ಜನರ ಜೀವ ಉಂಟಲ್ಲ, ಬೇಡ" ಎಂದಳು. ಅವಳು ನನ್ನಲ್ಲಿ ಏನನ್ನಾದರೂ ಕೇಳಿದ್ದು ಅದೇ ಮೊದಲು. ನಾನು ಸಹಿ ಮಾಡಿದೆ. ನೋವಿಗೆ ಮಾರ್ಫಿನ್ ಕೊಟ್ಟೆ, ಸಾಕಾಗುವಷ್ಟು ಕೊಟ್ಟೆ. ಅದನ್ನು ನೀನು ನಂಬಬೇಕು.

ಆ ನಾಲ್ಕು ತಿಂಗಳು ನಾನು ಒಂದು ದಿನವೂ ಮನೆ ಬಿಟ್ಟು ಹೋಗಲಿಲ್ಲ. ಅವಳು ಹೋದಾಗ ನಮ್ಮ ಮದುವೆಗೆ ನಲವತ್ತೈದು ವರ್ಷ ತುಂಬಲು ಎರಡು ತಿಂಗಳಿತ್ತು.

ಅಪ್ಪಯ್ಯ


ಸೇನಾ ಅಂಚೆ, ಅರುಣಾಚಲ ಗಡಿ
೮ ಮೇ ೨೦೨೪

ಪ್ರೀತಿಯ ಅಪ್ಪಯ್ಯ,

ನಿಮ್ಮ ಕಾಗದವನ್ನು ಥಿಯೇಟರಿನ ಹಿಂದಿನ ಮೆಟ್ಟಿಲ ಮೇಲೆ ಕೂತು ಓದಿದೆ. ತಮ್ಮನೊಬ್ಬ ಇರಬೇಕಿತ್ತು ಎಂದು ನಲವತ್ತೊಂದನೇ ವಯಸ್ಸಿನಲ್ಲಿ ತಿಳಿಯಿತು. ಆಗ ಅಮ್ಮ ಒಂದು ಇಡೀ ವಾರ ಮಲಗಿದ್ದಳು, ನನಗೆ ಅಜ್ಜಿ ಊಟ ಕೊಡುತ್ತಿದ್ದರು ಎಂದು ಸಣ್ಣ ನೆನಪು. ಜ್ವರ ಎಂದಿದ್ದರು.

ಗಡ್ಡೆ ಸಣ್ಣದಿದ್ದು ಮೂಳೆಗೆ ಮೊದಲೇ ಹಾರುವ ಜಾತಿಯದು ಇರುತ್ತದೆ. ನಾನೂ ಇಬ್ಬರನ್ನು ನೋಡಿದ್ದೇನೆ. ಅದು ಯಾರ ತಪ್ಪೂ ಅಲ್ಲ. ಹಾಗಿದ್ದ ಮೇಲೆ ಅಮ್ಮನ ಮಾತು ನಡೆಸಿಕೊಟ್ಟದ್ದು ಸರಿ. ನಾನಾಗಿದ್ದರೆ ಅವಳನ್ನು ಎಳೆದುಕೊಂಡು ಹೋಗಿ ಸೂಜಿ ಚುಚ್ಚಿಸುತ್ತಿದ್ದೆ, ಅವಳು ನನಗೋಸ್ಕರ ಸುಮ್ಮನೆ ಚುಚ್ಚಿಸಿಕೊಳ್ಳುತ್ತಿದ್ದಳು.

ಸಾಯಲು ಬಿಟ್ಟಿರಿ ಎಂದು ಬರೆದೆ. ಅದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಕ್ಷಮಿಸಿ. ಅವಳ ಕಡೆಯ ನಾಲ್ಕು ತಿಂಗಳು ನೀವು ಅವಳ ಪಕ್ಕ ಇದ್ದಿರಿ. ನನಗೆ ಆ ಪುಣ್ಯ ಇರಲಿಲ್ಲ ಎನ್ನುವ ಸಿಟ್ಟನ್ನು ನಿಮ್ಮ ಮೇಲೆ ಹಾಕಿದೆ.

ಸಮಯಕ್ಕೆ ಸರಿಯಾಗಿ ಊಟ ಮಾಡಿ.

ನಿಮ್ಮ ಮಗಳು
ಅಶ್ವಿತಾ


ಪೆರಂಬೂರು
೧೯ ಮೇ ೨೦೨೪

ಅಶ್ವಿತಾ,

ನಿನ್ನ ಕಾಗದ ನಾಲ್ಕು ದಿನ ನನ್ನ ಅಂಗಿಯ ಜೇಬಿನಲ್ಲಿತ್ತು. ಮೊದಲ ದಿನ ಚೆನ್ನಾಗಿ ನಿದ್ದೆ ಬಂತು. ಎರಡನೆಯ ದಿನದಿಂದ ಬರಲಿಲ್ಲ. ನೀನು ಕ್ಷಮೆ ಕೇಳಿದ್ದೀಯ. ಕೇಳಬೇಕಾದವನು ನಾನು. ನಾನು ನಿನಗೆ ಬರೆದದ್ದರಲ್ಲಿ ಒಂದು ಸುಳ್ಳು ಇದೆ.

ಗಡ್ಡೆ ಸಣ್ಣದಾಗಿರಲಿಲ್ಲ. ಎಡಗಡೆಯ ಮೊಲೆ ಪೂರ್ತಿ ಒಡೆದು ಹುಣ್ಣಾಗಿತ್ತು. ಮೊದಲ ಪರೀಕ್ಷೆಯ ಹಾಳೆಯನ್ನು ನಾನೇ ಫೈಲಿನಿಂದ ತೆಗೆದಿಟ್ಟಿದ್ದೆ. ಈ ಕಾಗದದ ಜತೆ ಅದನ್ನು ಕಳಿಸುತ್ತಿದ್ದೇನೆ. ಓದಿಕೋ.

ಕಳೆದ ನವೆಂಬರ್ ಹನ್ನೊಂದು, ದೀಪಾವಳಿಯ ಹಿಂದಿನ ದಿನ. ನಾನು ಆಸ್ಪತ್ರೆಗೆ ಹೊರಟಿದ್ದೆ. ಬಚ್ಚಲಲ್ಲಿ ಏನೋ ಬಿದ್ದ ಸದ್ದಾಯಿತು. ಹೋಗಿ ನೋಡಿದರೆ ಅವಳು ನೆಲದ ಮೇಲೆ ಕೂತಿದ್ದಳು, ಮೇಲೆ ಬಟ್ಟೆ ಇರಲಿಲ್ಲ. ಪಕ್ಕದಲ್ಲಿ ಉಪ್ಪುನೀರಿನ ಬೋಗುಣಿ, ಮಡಚಿದ ಬಟ್ಟೆಯ ಪಟ್ಟಿಗಳು. ನನಗೆ ಮೊದಲು ತಿಳಿದದ್ದು ವಾಸನೆ. ಮೂವತ್ತನಾಲ್ಕು ವರ್ಷ ಆ ವಾಸನೆಯಲ್ಲಿ ಕೆಲಸ ಮಾಡಿದವನು ನಾನು.

ಅವಳು ಮುಚ್ಚಿಕೊಳ್ಳಲಿಲ್ಲ. "ಇನ್ನು ನೀವೇ ಕಟ್ಟಿ. ನನಗೆ ಎಡಗೈ ಏಳುವುದಿಲ್ಲ" ಎಂದಳು.

"ಯಾವಾಗಿಂದ?"

"ಕಳೆದ ಪೊಂಗಲ್‌ನಿಂದ. ಆಗ ನೆಲ್ಲಿಕಾಯಿಯಷ್ಟಿತ್ತು."

"ನನಗೆ ಯಾಕೆ ಹೇಳ್ಲಿಲ್ಲ ನೀನು?"

"ಎರಡು ಸಲ ಹೇಳ್ಲಿಕ್ಕೆ ಬಂದೆ. ಒಮ್ಮೆ ನೀವು ಹೊರಟಿದ್ರಿ. ಒಮ್ಮೆ ಬರೀತಾ ಇದ್ರಿ." ಮಡಚಿದ ಪಟ್ಟಿಯೊಂದನ್ನು ನನ್ನ ಕೈಗಿಟ್ಟು ಹೇಳಿದಳು, "ನೀವೂ ಕೇಳ್ಲಿಲ್ಲ."

ಹತ್ತು ತಿಂಗಳು, ಅಶ್ವಿತಾ. ಮಾರ್ಚಿನಲ್ಲಿ ಅವಳು ನಿನ್ನ ಕೋಣೆಯಲ್ಲಿ ಮಲಗಲು ಶುರುಮಾಡಿದಳು. ನನ್ನ ಗೊರಕೆ ಎಂದಳು. ನನಗೆ ಓದಲು ದೀಪ ಹಾಕಿಕೊಳ್ಳಬಹುದಲ್ಲ ಎಂದು ಸಮಾಧಾನವೇ ಆಯಿತು. ನಾನು ದಿನವೂ ಬೆಳಿಗ್ಗೆ ತಾರಸಿಯಲ್ಲಿ ನಡೆಯುತ್ತೇನೆ, ನಿನಗೆ ಗೊತ್ತು. ನೀರಿನ ಟ್ಯಾಂಕಿನ ಹಿಂದಿನ ಹಗ್ಗದ ಮೇಲೆ ಆ ಪಟ್ಟಿಗಳು ಒಣಗುತ್ತಿದ್ದವು. ನನ್ನ ಹಳೆಯ ಪಂಚೆಗಳನ್ನು ನಾಲ್ಕು ಬೆರಳಗಲ ಹರಿದು, ಅಂಚಿನ ನೂಲು ಎಳೆದು ತೆಗೆದು, ಕುದಿಸಿ ಒಗೆದವು. ಗಾಯಕ್ಕೆ ನೂಲು ಅಂಟಬಾರದೆಂದು ನೂಲು ತೆಗೆಯುತ್ತಾರೆ. ದಿಮಾಪುರದಲ್ಲಿ ಅಧಿಕಾರಿಗಳ ಹೆಂಡಿರೆಲ್ಲ ಆಸ್ಪತ್ರೆಗೆ ಬಂದು ಬ್ಯಾಂಡೇಜು ಮಡಚುತ್ತಿದ್ದಾಗ ನಾನೇ ಅವಳಿಗೆ ಕಲಿಸಿದ್ದೆ. ಬೇಸಿಗೆಯಿಂದ ದೀಪಾವಳಿಯವರೆಗೆ ಅವುಗಳ ಪಕ್ಕದಲ್ಲಿ ನಡೆದಿದ್ದೇನೆ. ಒಂದು ದಿನ ಗಾಳಿಗೆ ಬಿದ್ದಿದ್ದನ್ನು ಎತ್ತಿ ಮತ್ತೆ ಹಗ್ಗಕ್ಕೆ ಹಾಕಿದ್ದೇನೆ. ಇದು ಯಾರ ಗಾಯಕ್ಕೆ ಎಂದು ಕೇಳಲಿಲ್ಲ.

ಕಾಣದೆ ಹೋಯಿತು ಎಂದರೆ ಸುಳ್ಳಾಗುತ್ತದೆ. ಕಂಡಿತು. ಕೇಳಿದರೆ ಏನೋ ಮಾಡಬೇಕಾಗಿ ಬರುತ್ತದೆ ಎಂದು ನನ್ನೊಳಗೆ ಯಾವುದೋ ಮೂಲೆಗೆ ಗೊತ್ತಿತ್ತೋ ಏನೋ. ಆಸ್ಪತ್ರೆಯಲ್ಲಿ ಎಲ್ಲವನ್ನೂ ಕೇಳುತ್ತಿದ್ದೆ. ಮನೆ ಎಂದರೆ ನನಗೆ ಏನೂ ಕೇಳಬೇಕಿಲ್ಲದ ಜಾಗವಾಗಿತ್ತು. ಹಾಗೆ ಅದನ್ನು ಇಟ್ಟದ್ದು ಅವಳು. ನಾನು ಅದನ್ನು ಅವಳ ಸ್ವಭಾವ ಎಂದುಕೊಂಡೆ.

ಕೈ ನಡುಗಬಾರದಿತ್ತು ಎಂಬ ಮಾತನ್ನು ನಿನಗೆ ಹೆಮ್ಮೆಯಿಂದ ಬರೆದೆನಲ್ಲ, ಮೂವತ್ತಾರು ವರ್ಷ ಅದನ್ನು ಹಾಗೆಯೇ ಹೇಳಿಕೊಂಡು ಬಂದೆ. ಮೆಸ್ಸಿನಲ್ಲಿ ಊಟವಾದ ಮೇಲೆ ಹೇಳುತ್ತಿದ್ದೆ. ಜನ ತಲೆದೂಗುತ್ತಿದ್ದರು. ಒಮ್ಮೆ ಅವಳು ಎದುರಿಗೇ ಇದ್ದಳು, ತಟ್ಟೆ ನೋಡುತ್ತಾ ಕೂತಿದ್ದಳು. ಏಳು ತಿಂಗಳ ಮಗು ಕಳೆದುಕೊಂಡು ರುಬ್ಬುವ ಯಂತ್ರದ ಸುದ್ದಿ ಬರೆದವಳು ಅವಳು. ಆ ವಾರ ಹೇಗೆ ಕಳೆದೆ ಎಂದು ನಾನು ಒಂದು ಸಲವೂ ಕೇಳಲಿಲ್ಲ. ಮಗುವಿಗೆ ಏನು ಮಾಡಿದರು, ಎಲ್ಲಿ ಹೂತರು, ನನಗೆ ಇವತ್ತಿಗೂ ತಿಳಿಯದು. ಈಗ ಕೇಳಲು ಯಾರೂ ಇಲ್ಲ.

ಇನ್ನೊಂದು. ಮೂರು ದಿನ ಕಾಯಲು ಏನು ಕಷ್ಟವಿತ್ತು ಎಂದು ನೀನು ಕೇಳಿದ್ದೆ. ಅದಕ್ಕೆ ಉತ್ತರ ಬರೆದಿರಲಿಲ್ಲ. ನೀನು ಬರುವವರೆಗೆ ಕಾದಿದ್ದರೆ "ಅಮ್ಮನಿಗೆ ನಾನೇ ಸ್ನಾನ ಮಾಡಿಸುತ್ತೇನೆ" ಎಂದು ನೀನು ಹೇಳುತ್ತಿದ್ದೆ. ನೀನು ಡಾಕ್ಟರ್. ನೋಡಿದ ಕೂಡಲೇ ಗಾಯದ ವಯಸ್ಸು ನಿನಗೆ ತಿಳಿಯುತ್ತಿತ್ತು. ಅದಕ್ಕೇ ಮಂಜುನಾಥನಿಗೆ ಬೇಡ ಎಂದೆ. ತಾಯಿಯ ಮುಖ ನಿನಗೆ ತಪ್ಪಿಸಿದ್ದು ನನ್ನ ಮುಖ ಉಳಿಸಿಕೊಳ್ಳಲು.

ಅವಳು ಬೇಡ ಎಂದದ್ದೂ, ಸಹಿ ಹಾಕಿದ್ದೂ, ನಿನಗೆ ಹೇಳಬೇಡಿ ಎಂದದ್ದೂ ನಿಜ. ಆದರೆ ಹತ್ತು ತಿಂಗಳ ಹಿಂದೆ ನೆಲ್ಲಿಕಾಯಿಯಷ್ಟಿದ್ದಾಗ ನಾನು ನೋಡಿದ್ದರೆ ಅವಳು ಬೇಡ ಎನ್ನುವ ಪ್ರಶ್ನೆಯೇ ಬರುತ್ತಿರಲಿಲ್ಲ.

ನೀನು ಏಪ್ರಿಲ್‌ನಲ್ಲಿ ಬರೆದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಗಿಲ್ಲ.

ಜಯರಾಮ


ಪೆರಂಬೂರು
೨೮ ಜುಲೈ ೨೦೨೪

ಅಶ್ವಿತಾ,

ನಿನ್ನಿಂದ ಕಾಗದ ಬರಲಿಲ್ಲ. ಬರಬೇಕೆಂದು ಇದನ್ನು ಬರೆಯುತ್ತಿಲ್ಲ. ಫೋನಿನಲ್ಲಿ ನೀನು ಚಿಕ್ಕಪ್ಪನ ಜತೆ ಮಾತಾಡುತ್ತೀಯ ಎಂದು ತಿಳಿಯಿತು. ಅಷ್ಟು ಸಾಕು.

ಹೋದ ವಾರ ತುಂಗಾಳನ್ನು ಕೂರಿಸಿ ಕೇಳಿದೆ. ೧೯೮೮ರಲ್ಲಿ ಅವಳು ಈ ಮನೆಗೆ ಬಂದ ಹೊಸತು. ಅವಳಿಗೆ ಎಲ್ಲ ನೆನಪಿದೆ. ನನ್ನ ಅಪ್ಪ ಮಗುವನ್ನು ಬಿಳಿ ಟವಲಿನಲ್ಲಿ ಸುತ್ತಿ ತಾನೇ ಎತ್ತಿಕೊಂಡು ಹೋದರಂತೆ, ಒಟ್ಟೇರಿಯ ಸ್ಮಶಾನಕ್ಕೆ. ಆ ದಿನ ಹೋಟೆಲಿನ ಬಾಗಿಲು ತೆಗೆಯಲಿಲ್ಲವಂತೆ. ಅವರ ಆಯುಷ್ಯದಲ್ಲಿ ಅದೊಂದೇ ದಿನ. ನಿನ್ನ ಅಮ್ಮ ಅಳಲಿಲ್ಲವಂತೆ. "ಅಕ್ಕ ಮೂರನೇ ದಿನ ಎದ್ದು ಕೂತು ಇನ್‌ಲ್ಯಾಂಡ್ ಲೆಟರ್ ಕೇಳಿದ್ರು. ಎಂತ ಬರೀಲಿ ತುಂಗಾ, ನೀನೇ ಒಂದು ಸುದ್ದಿ ಹೇಳು ಅಂದ್ರು. ನಾನು ಗ್ರೈಂಡರ್ ಬಂತಲ್ಲ ಅಂದೆ" ಎಂದಳು.

ನಿನ್ನೆ ಒಟ್ಟೇರಿಗೆ ಹೋಗಿದ್ದೆ. ಗುರುತು ಏನೂ ಇಲ್ಲ. ಗೋಡೆಯ ಹತ್ತಿರ ಸ್ವಲ್ಪ ಹೊತ್ತು ನಿಂತೆ. ಅಲ್ಲಿಯ ಕಾವಲುಗಾರ "ಯಾರನ್ನ ನೋಡ್ಬೇಕು ಸಾರ್?" ಎಂದು ತಮಿಳಿನಲ್ಲಿ ಕೇಳಿದ. ಮಗ ಎಂದೆ. ಆ ಶಬ್ದವನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

ನಿನಗೆ ತಿಳಿದಿರಲಿ ಎಂದು ಬರೆದೆ.

ಅಪ್ಪಯ್ಯ


ಸೇನಾ ಅಂಚೆ, ಅರುಣಾಚಲ ಗಡಿ
೧೪ ಆಗಸ್ಟ್ ೨೦೨೪

ಅಪ್ಪಯ್ಯ,

ನಾಲ್ಕು ಕಾಗದ ಬರೆದು ಹರಿದೆ. ಮೂರರಲ್ಲಿ ನಿಮ್ಮನ್ನು ಬೈದಿದ್ದೆ. ನಾಲ್ಕನೆಯದನ್ನು ಬೈಗುಳದಿಂದಲೇ ಶುರುಮಾಡಿದೆ, ನಡುವೆ ನಿಂತುಹೋಯಿತು. ಎಲ್ಲಿ ನಿಂತಿತು ಎಂದು ಹೇಳುತ್ತೇನೆ.

ಕಳೆದ ವರ್ಷ ಜೂನಿನಲ್ಲಿ ನಾನು ಹನ್ನೆರಡು ದಿನ ಮನೆಯಲ್ಲಿದ್ದೆ. ಅಮ್ಮನಿಗೆ ಭುಜ ನೋವಿತ್ತು. ಎಡಗಡೆ. ನನ್ನ ಕೋಣೆಯಲ್ಲಿ, ನನ್ನ ಪಕ್ಕದಲ್ಲೇ ಮಲಗುತ್ತಿದ್ದಳು, ಗೋಡೆಯ ಕಡೆ ತಿರುಗಿ. ಒಂದು ಮಧ್ಯಾಹ್ನ ಮುಲಾಮು ಹಚ್ಚುತ್ತೇನೆ ಎಂದು ಕೂತೆ. "ರವಿಕೆ ಬಿಚ್ಚು, ಸರಿಯಾಗಿ ತಿಕ್ಕುತ್ತೇನೆ" ಎಂದೆ. "ಬೇಡ ಮಾರಾಯ್ತಿ, ಮೇಲಿಂದ್ಲೇ ಹಚ್ಚು" ಎಂದಳು. ನಾನು ಇನ್ನೊಂದು ಸಲ ಹೇಳಬೇಕೆಂದಿದ್ದೆ. ಅಷ್ಟರಲ್ಲಿ ನನಗೆ ಫೋನ್ ಬಂತು, ಎದ್ದು ಬಾಲ್ಕನಿಗೆ ಹೋದೆ. ಒಳಗೆ ಬಂದಾಗ ಅವಳು ಸೆರಗು ಹೊದ್ದು ಕಾಫಿಗೆ ಇಟ್ಟಿದ್ದಳು. ಹತ್ತು ನೋವಿನ ಮಾತ್ರೆ ಕೊಟ್ಟು ಬಂದೆ.

ನೀವು ಕಳಿಸಿದ ಹಾಳೆ ಓದಿದ ದಿನದಿಂದ ಆ ಮಧ್ಯಾಹ್ನ ನನ್ನನ್ನು ಬಿಡುತ್ತಿಲ್ಲ. ಜೂನಿನಲ್ಲಿ ಅದು ಎಷ್ಟು ದೊಡ್ಡದಿತ್ತು ಎಂದು ಲೆಕ್ಕ ಹಾಕುತ್ತೇನೆ. ಆಗಲೂ ಕೊಯ್ಯಬಹುದಿತ್ತೋ ಏನೋ. ಯಾರನ್ನೂ ಕೇಳಿಲ್ಲ, ಕೇಳುವ ಧೈರ್ಯವಿಲ್ಲ.

ಹಾಗೆಂದು ನಿಮ್ಮನ್ನು ಕ್ಷಮಿಸುತ್ತಿಲ್ಲ. ನೀವು ಹತ್ತು ತಿಂಗಳು, ನಾನು ಹನ್ನೆರಡು ದಿನ. ಅಮ್ಮನ ಮುಖ ನೋಡಲು ಬಿಡದೆ ಇದ್ದದ್ದನ್ನು ಮರೆಯುತ್ತೇನೆ ಎಂದು ಮಾತು ಕೊಡಲಾರೆ. ಒಟ್ಟೇರಿಯ ಸಂಗತಿ ಬರೆದಿರಿ. ಅದನ್ನು ಓದಿದ ಮೇಲೆ ನಿಮ್ಮ ಮೇಲೆ ಹಿಂದಿನಷ್ಟೇ ಸಿಟ್ಟು ಇಟ್ಟುಕೊಳ್ಳಲು ಆಗಲಿಲ್ಲ, ಅಷ್ಟೇ.

ಈಗ ಕೇಳಿ. ಚಿಕ್ಕಪ್ಪ ನಿನ್ನೆ ಫೋನ್ ಮಾಡಿದ್ದರು. "ಅಣ್ಣ ಸೊರಗಿ ಹೋಗಿದ್ದಾರೆ ಕಣಮ್ಮ. ಮೆಟ್ಟಿಲು ಹತ್ತಿ ಬಂದು ಎದೆ ಮೇಲೆ ಕೈ ಇಟ್ಟು ಕೂತ್ಕೊಳ್ತಾರೆ. ಕೇಳಿದ್ರೆ ಗ್ಯಾಸ್ ಅಂತಾರೆ" ಎಂದರು. ಇ.ಸಿ.ಜಿ. ತೆಗೆಸಲು ಅವರಿಗೆ ಹೇಳಿದ್ದೇನೆ. ತಕರಾರು ಮಾಡದೆ ಹೋಗಿ. ನನಗೆ ಸೆಪ್ಟೆಂಬರ್ ಎರಡರಿಂದ ಇಪ್ಪತ್ತು ದಿನ ರಜೆ ಸಿಕ್ಕಿದೆ. ಕ್ಷಮಿಸಲು ಬರುತ್ತಿಲ್ಲ, ಅದು ಆಗುವಾಗ ಆಗಲಿ. ನಿಮ್ಮನ್ನು ಪರೀಕ್ಷೆ ಮಾಡಲು ಬರುತ್ತಿದ್ದೇನೆ. ಅಂಗಿ ಬಿಚ್ಚಿ ಬೆಳಕಿನ ಕಡೆ ಮುಖ ಮಾಡಿ ಕೂರಬೇಕು. ನಾನು ಕೇಳಿದ್ದಕ್ಕೆಲ್ಲ ಉತ್ತರ ಹೇಳಬೇಕು. ನನ್ನ ಫೋನ್ ಆಫ್ ಮಾಡಿರುತ್ತೇನೆ.

ಈ ಕಾಗದ ಸಿಕ್ಕಿದ ದಿನವೇ ಬರೆಯಿರಿ. ಗ್ಯಾಸ್ ಎಂದು ಬರೆಯಬೇಡಿ.

ನಿಮ್ಮ ಮಗಳು
ಅಶ್ವಿತಾ


ಪೆರಂಬೂರು
೨೨ ಆಗಸ್ಟ್ ೨೦೨೪

ಮಗಳೇ,

ನಿನ್ನ ಕಾಗದ ಈಗ ತಾನೇ ಬಂತು. ಮಂಜುನಾಥ ಕೆಳಗೆ ಕಾಯುತ್ತಿದ್ದಾನೆ, ಆಸ್ಪತ್ರೆಗೆ ಹೊರಟಿದ್ದೇವೆ. ಅದಕ್ಕೆ ಮೊದಲು ಇಷ್ಟು.

ನೋವು ಮಾರ್ಚ್‌ನಿಂದ ಇದೆ. ಎಡಗಡೆ, ಎದೆಯ ನಡುವಿನಿಂದ ದವಡೆಯವರೆಗೆ. ಮೊದಲು ಮೂರನೇ ಮಹಡಿ ಹತ್ತಿದಾಗ ಬರುತ್ತಿತ್ತು, ಈಗ ಮೊದಲನೆಯದಕ್ಕೇ ಬರುತ್ತದೆ. ಕೂತರೆ ಐದು ನಿಮಿಷದಲ್ಲಿ ಹೋಗುತ್ತದೆ. ಹೋದ ಗುರುವಾರ ಕೂತಿದ್ದಾಗಲೂ ಬಂತು. ಬೆವರು ಇತ್ತು. ಹೆದರಿಕೆ ಆಯಿತು.

ಯಾರಿಗೂ ಹೇಳಿರಲಿಲ್ಲ. ನಿನಗೆ ಹೇಳುತ್ತಿದ್ದೇನೆ.

ಅಪ್ಪಯ್ಯ